ಅನ್ನ, ದೀಪ, ಮನ್ನಣೆ: ಉನ್ನತ ವಿದ್ಯಾರ್ಥಿಯ ಪೋಷಣೆಯ ಚರಿತ್ರೆ

ಬೆಂಗಳೂರಿನ ದಂಡುಪ್ರದೇಶವನ್ನು ದಾಟಿ ಪೂರ್ವೋತ್ತರ ದಿಕ್ಕಿಗೆ ನಡೆದರೆ, ಕೃಷ್ಣರಾಜಪುರದ ಸಮೀಪದಲ್ಲಿ ಹೊರಮಾವು ಎಂಬ ಊರು ಸಿಕ್ಕುತ್ತದೆ. ಒಂದು ಕಾಲಕ್ಕೆ ಕೆರೆಯನ್ನೂ ಹೊಲಗಳನ್ನೂ ನಂಬಿಕೊಂಡಿದ್ದ ಈ ಗ್ರಾಮವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಕ್ಕೆ ಬಂದಿತು. ಈಗ ಇಲ್ಲಿಯ ಬೀದಿಗಳಲ್ಲಿ ‘ಪಿ.ಜಿ.’ ಎಂಬ ಫಲಕಗಳು ಹೇರಳವಾಗಿ ಕಾಣುತ್ತವೆ. ಹಣ ಕೊಟ್ಟು ಊಟ ವಸತಿಗಳನ್ನು ಪಡೆಯುವ ಮನೆಗೆ ಜನರು ಕೊಟ್ಟಿರುವ ಹೆಸರು ಅದು. ಪದವಿಯನ್ನು ಮುಗಿಸಿ ಮುಂದಿನ ವ್ಯಾಸಂಗವನ್ನು ಮಾಡತಕ್ಕವರಿಗೂ ಅದೇ ಎರಡಕ್ಷರದ ಹೆಸರು ಸಲ್ಲುತ್ತದೆ. ಹೀಗೆ ವಿದ್ಯೆಗೂ ಬಾಡಿಗೆಯ ಕೋಣೆಗೂ ಒಂದೇ ಹೆಸರು ಬಂದುದು ಕೇವಲ ಅಕ್ಷರಗಳ ಆಕಸ್ಮಿಕವಾದರೂ, ಅದರ ಹಿಂದೆ ಬಹು ಹಳೆಯದಾದ ಒಂದು ಪ್ರಶ್ನೆಯು ಅಡಗಿದೆ.

ಆ ಪ್ರಶ್ನೆಯು ಯಾವುದೆಂದರೆ: ಓರಗೆಯವರೆಲ್ಲರೂ ಸಂಪಾದನೆಗೆ ತೊಡಗಿರುವ ವಯಸ್ಸಿನಲ್ಲಿ ಇನ್ನೂ ಓದುತ್ತಿರುವವನನ್ನು ಸಲಹತಕ್ಕವರು ಯಾರು? ಬಾಲಕನ ಓದಿಗೆ ತಂದೆತಾಯಿಗಳುಂಟು, ಉದ್ಯೋಗಸ್ಥನಿಗೆ ಸಂಬಳವುಂಟು. ಇವೆರಡರ ನಡುವೆ, ಮನೆಯನ್ನು ಬಿಟ್ಟು ದೂರದ ಊರಿನಲ್ಲಿ, ಗುರುವೊಬ್ಬನ ಒಪ್ಪಿಗೆಗಾಗಿ ಕಾಯುತ್ತ ವರ್ಷಗಳನ್ನು ಕಳೆಯುವ ಉನ್ನತ ವಿದ್ಯಾರ್ಥಿಯ ಸ್ಥಿತಿಯು ಎಲ್ಲ ಕಾಲದಲ್ಲಿಯೂ ನಾಜೂಕಾದುದೇ. ಅವನಿಗೆ ಮೂರು ವಸ್ತುಗಳು ಬೇಕು: ಹೊಟ್ಟೆಗೆ ಅನ್ನ, ಓದಿಗೆ ದೀಪ, ಮತ್ತು ಸಹಾಧ್ಯಾಯಿಗಳ ನಡುವೆ ಸಮಾನನೆಂಬ ಮನ್ನಣೆ. ಕನ್ನಡ ನಾಡಿನ ಚರಿತ್ರೆಯಲ್ಲಿ ಮೊದಲಿನ ಎರಡನ್ನು ಒದಗಿಸಿದ ಪುಣ್ಯವಂತರು ಅನೇಕರು ದೊರೆಯುತ್ತಾರೆ. ಮೂರನೆಯದರ ಚರಿತ್ರೆಯು ಅಷ್ಟು ಸುಲಭವಾದುದಲ್ಲ.

ಈ ನಾಡಿನ ರಾಜಕೀಯ ಚರಿತ್ರೆಯ ಒಂದು ಮುಖ್ಯ ಅಧ್ಯಾಯವು ಒಬ್ಬ ವಿದ್ಯಾರ್ಥಿಗಾದ ಅವಮಾನದಿಂದ ಆರಂಭವಾಗುತ್ತದೆಂಬುದನ್ನು ವಾಚಕರು ಬಲ್ಲರು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಸ್ತಂಭದ ಮೇಲೆ ಕುಬ್ಜನೆಂಬ ಕವಿಯು ಐದನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಶಾಸನವಿದೆ. ಅದರ ಪ್ರಕಾರ, ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ, ಅಲ್ಲಿಯ ಘಟಿಕೆಯನ್ನು ಸೇರಿದನು. ಘಟಿಕೆಯೆಂದರೆ ಬಾಲಪಾಠಶಾಲೆಯಲ್ಲ, ಈಗಾಗಲೇ ವಿದ್ಯಾವಂತನಾದವನು ಮುಂದಿನ ವ್ಯಾಸಂಗಕ್ಕಾಗಿ ಹೋಗುತ್ತಿದ್ದ ಸ್ಥಾನ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ಮನನೊಂದು, ವಿದ್ಯೆಗಿಂತಲೂ ಶಸ್ತ್ರವೇ ಪ್ರಬಲವಾಯಿತಲ್ಲಾ ಎಂದು ವ್ಯಥೆಪಟ್ಟು, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಕದಂಬ ರಾಜ್ಯವು ಹುಟ್ಟಿದುದು ಹೀಗೆ. ಕನ್ನಡಿಗರು ಈ ಕಥೆಯನ್ನು ವೀರಗಾಥೆಯೆಂದು ಓದಿ ಹಿಗ್ಗುವುದು ಸಹಜವೇ. ಆದರೆ ಅದೇ ಕಥೆಯನ್ನು ವಿದ್ಯೆಯ ದೃಷ್ಟಿಯಿಂದ ಓದಿದರೆ ಅದು ಒಂದು ನಷ್ಟದ ಕಥೆಯೂ ಹೌದು. ಪರಸ್ಥಳದಿಂದ ಬಂದ ವಿದ್ಯಾರ್ಥಿಗೆ ರಕ್ಷಣೆಯಿಲ್ಲದ ಊರಿನಲ್ಲಿ ವ್ಯಾಸಂಗವು ನಡುವೆಯೇ ಮುರಿಯಿತು. ಮಯೂರಶರ್ಮನಿಗೆ ರಾಜ್ಯವನ್ನು ಕಟ್ಟುವ ಸಾಮರ್ಥ್ಯವಿದ್ದಿತು. ಅಂಥ ಅವಮಾನವನ್ನು ಅನುಭವಿಸಿ ಮೌನವಾಗಿ ಊರಿಗೆ ಹಿಂದಿರುಗಿದವರ ಶಾಸನಗಳನ್ನು ಯಾರೂ ಕೆತ್ತಿಸಲಿಲ್ಲ.

ತಾಳಗುಂದದ ಕಾಲಕ್ಕೆ ಸುಮಾರು ಐನೂರು ವರ್ಷಗಳ ತರುವಾಯ, ಕನ್ನಡ ನಾಡಿನಲ್ಲಿಯೇ ಇದಕ್ಕೆ ಉತ್ತರವೋ ಎಂಬಂತಹ ಒಂದು ಏರ್ಪಾಡು ಕಂಡುಬರುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನವು ಕ್ರಿ. ಶ. 945ರದು, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲಕ್ಕೆ ಸೇರಿದುದು. ಚಕ್ರವರ್ತಿಯ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರೆಂದು ಶಾಸನವು ಹೇಳುತ್ತದೆ. ಅವರ ವಾಸಕ್ಕೆ 27 ಮನೆಗಳನ್ನು ಕೊಡಲಾಗಿತ್ತು. ಶಾಲೆಯ ಪೋಷಣೆಗೆ 500 ನಿವರ್ತನ ಭೂಮಿ, ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ, ದೀಪದ ಎಣ್ಣೆಗೆಂದೇ ಪ್ರತ್ಯೇಕವಾಗಿ 12 ನಿವರ್ತನ. ಇದಲ್ಲದೆ ಗ್ರಾಮದ ಪ್ರತಿಯೊಂದು ವಿವಾಹದಲ್ಲಿ 5 ನಾಣ್ಯ, ಉಪನಯನದಲ್ಲಿ ಎರಡೂವರೆ, ಚೌಲದಲ್ಲಿ ಒಂದೂವರೆ ಶಾಲೆಗೆ ಸಲ್ಲತಕ್ಕದ್ದೆಂದು ಕಟ್ಟಳೆಯಾಗಿತ್ತು.

ಈ ಅಂಕಿಗಳು ಶುಷ್ಕವಾಗಿ ಕಂಡರೂ ಇವುಗಳಲ್ಲಿ ಒಂದು ದೊಡ್ಡ ವಿವೇಕವಿದೆ. ವಿದ್ಯಾರ್ಥಿಯ ಯೋಗಕ್ಷೇಮವನ್ನು ಯಾವನೋ ಒಬ್ಬ ಉದಾರಿಯ ಮನಸ್ಸಿನ ಏರಿಳಿತಕ್ಕೆ ಬಿಡದೆ, ಭೂಮಿಯ ಉತ್ಪತ್ತಿಗೆ ಕಟ್ಟಿಹಾಕಿದರು. ರಾತ್ರಿ ಓದುವವನಿಗೆ ಎಣ್ಣೆ ಬೇಕೆಂಬುದನ್ನು ಸಹ ಮರೆಯಲಿಲ್ಲ. ಊರಿನವರ ಮನೆಯ ಮಂಗಳಕಾರ್ಯಗಳಿಗೂ ಪರಊರಿನ ವಿದ್ಯಾರ್ಥಿಯ ಊಟಕ್ಕೂ ಸಂಬಂಧವನ್ನು ಕಲ್ಪಿಸಿದರು. ಗ್ರಾಮದಲ್ಲಿ ಮದುವೆಯ ವಾದ್ಯ ಕೇಳಿದಾಗಲೆಲ್ಲ ಶಾಲೆಯ ಭಂಡಾರಕ್ಕೆ ಐದು ನಾಣ್ಯ ಸೇರುತ್ತಿದ್ದಿತು. ಹೊರಗಿನಿಂದ ಬಂದವನು ಹೀಗೆ ಊರಿನ ಲೆಕ್ಕದೊಳಕ್ಕೆ ಬಂದನು.

ಸಾಲೋಟಗಿಯು ಒಂಟಿಯಾದ ಉದಾಹರಣೆಯಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ 1058ರ ಶಾಸನವೊಂದುಂಟು. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 50 ಮಂದಿ ವಿದ್ಯಾರ್ಥಿಗಳಿದ್ದರು. ಅವರಿಗೆ ಆರು ಮಂದಿ ಉಪಾಧ್ಯಾಯರಿದ್ದರು. ಗ್ರಂಥಭಂಡಾರವನ್ನು ನೋಡಿಕೊಳ್ಳಲು ಮತ್ತೆ ಆರು ಮಂದಿ ಸರಸ್ವತೀಭಂಡಾರಿಗಳಿದ್ದರು. ಉಪಾಧ್ಯಾಯರು ಎಷ್ಟೋ ಗ್ರಂಥಪಾಲಕರೂ ಅಷ್ಟೇ ಎಂಬುದು ಇಂದಿನ ವಿಶ್ವವಿದ್ಯಾನಿಲಯಗಳು ಸಹ ಗಮನಿಸತಕ್ಕ ವಿಷಯ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನದಲ್ಲಿ ನಾಲ್ಕು ವೇದಗಳು, ವ್ಯಾಕರಣಗಳು, ನಾನಾ ದರ್ಶನಗಳ ಪಾಠದೊಡನೆ, ದೀನರಿಗೂ ಅಂಗವಿಕಲರಿಗೂ ಅನ್ನದಾನ ಮತ್ತು ರೋಗಿಗಳಿಗೆ ಔಷಧೋಪಚಾರಗಳು ಒಂದೇ ಉಸಿರಿನಲ್ಲಿ ವರ್ಣಿತವಾಗಿವೆ. ಪಾಠಶಾಲೆಯ ಪಕ್ಕದಲ್ಲಿಯೇ ಆರೋಗ್ಯಶಾಲೆಯೂ ಇರಬೇಕೆಂಬ ಭಾವನೆಯು ಈ ನೆಲಕ್ಕೆ ಹೊಸದಲ್ಲ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸುವುದು ಚರಿತ್ರೆಗೆ ನ್ಯಾಯವಾಗಲಾರದು. ಅಗ್ರಹಾರ ಘಟಿಕೆಗಳ ಅನ್ನವು ಹೇರಳವಾಗಿದ್ದರೂ ಪಂಕ್ತಿಯು ಕಿರಿದಾಗಿದ್ದಿತು. ವೇದಪಾಠಕ್ಕೆ ಅರ್ಹರೆಂದು ಎಣಿಸಲ್ಪಟ್ಟವರಿಗೆ ಮಾತ್ರ ಆ 27 ಮನೆಗಳ ಬಾಗಿಲು ತೆರೆಯುತ್ತಿದ್ದಿತು. ದೂರದೇಶದ ಬ್ರಾಹ್ಮಣ ವಟುವು ಒಳಗಿನವನಾದನು. ಅದೇ ಊರಿನ ಒಕ್ಕಲಿಗನ, ಕುಂಬಾರನ, ಹೊಲೆಯನ ಮಗನು ಹೊರಗಿನವನಾಗಿಯೇ ಉಳಿದನು. ಸ್ತ್ರೀಯರ ಮಾತಂತೂ ಏಳಲೇ ಇಲ್ಲ. ಅನ್ನ ದೀಪಗಳ ವ್ಯವಸ್ಥೆಯು ಎಷ್ಟು ಸಮರ್ಪಕವಾಗಿದ್ದರೂ, ಮನ್ನಣೆಯಿಲ್ಲದವನಿಗೆ ಅದು ಇದ್ದೂ ಇಲ್ಲದಂತೆ.

ಈ ತೊಡಕು ಹತ್ತೊಂಬತ್ತನೆಯ ಶತಮಾನದ ಹೊಸ ವಿದ್ಯೆಯ ಕಾಲಕ್ಕೂ ಹರಿದುಬಂದಿತು. ಬೆಂಗಳೂರಿನಲ್ಲಿ 1858ರಲ್ಲಿ ಆರಂಭವಾದ ಹೈಸ್ಕೂಲು 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಇಲ್ಲಿಯ ವಿದ್ಯಾರ್ಥಿಗಳು ಕುಳಿತರು. ಮೈಸೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯವು ಬಂದುದು 1916ರ ಜುಲೈ 27ರಂದು. ಸರ್ಕಾರವು ತರಗತಿಗಳನ್ನು ತೆರೆಯಿತು. ಹಳ್ಳಿಯಿಂದ ಬಂದ ಬಡ ಹುಡುಗನು ಉಣ್ಣುವುದೆಲ್ಲಿ ಎಂಬುದಕ್ಕೆ ಸಮಾಜವೇ ಉತ್ತರ ಹೇಳಬೇಕಾಯಿತು. ಬ್ರಾಹ್ಮಣ ವಿದ್ಯಾರ್ಥಿಗೆ ವಾರಾನ್ನದ ಪದ್ಧತಿಯಿದ್ದಿತು: ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು. ಆ ಅನ್ನವನ್ನು ಉಂಡು ಮುಂದೆ ಬಂದವರು ಅಸಂಖ್ಯಾತರು. ಬಡಿಸಿದ ತಾಯಂದಿರ ಪ್ರೀತಿಯನ್ನು ಅವರು ಮರೆಯಲಿಲ್ಲ. ಜಗಲಿಯ ಮೇಲೆ ಕಾದು ಕುಳಿತ ಸಂಕೋಚವನ್ನೂ ಮರೆಯಲಿಲ್ಲ.

ವಾರಾನ್ನದ ಮನೆಗಳಿಲ್ಲದ ಜನಾಂಗಗಳು ತಮ್ಮ ಮಕ್ಕಳಿಗಾಗಿ ತಾವೇ ಸಂಘಗಳನ್ನು ಕಟ್ಟಿಕೊಂಡವು. ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ನಿಧಿಯು 1905ರಲ್ಲಿ, ಒಕ್ಕಲಿಗರ ಸಂಘವು 1906ರಲ್ಲಿ, ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್ 1909ರಲ್ಲಿ ಹುಟ್ಟಿದವು. ಗುಬ್ಬಿ ತೋಟದಪ್ಪನವರ ಧರ್ಮದಿಂದ ಬೆಂಗಳೂರಿನಲ್ಲಿ ನಡೆದ ಉಚಿತ ವಿದ್ಯಾರ್ಥಿನಿಲಯದಲ್ಲಿ ಇದ್ದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರೊಬ್ಬರು, ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರಸ್ವಾಮಿಗಳಾಗಿ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಒಂದು ಕಾಲದಲ್ಲಿ ಇಕ್ಕಿದ ಅನ್ನವು ಮತ್ತೊಂದು ಕಾಲದಲ್ಲಿ ನೂರ್ಮಡಿಯಾಗುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಕೆ. ವಿ. ಪುಟ್ಟಪ್ಪನವರು ಕಾಯಿಲೆಯಿಂದ ನರಳಿದಾಗ, ಶ್ರೀ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋಗಿ ಇರಿಸಿಕೊಂಡರು. ಅವರು ಎಂ. ಎ. ಪದವಿಯನ್ನು ಪಡೆದುದೂ ಕುವೆಂಪುವಾಗಿ ಬೆಳೆದುದೂ ಆ ಆಶ್ರಯದ ನೆರಳಿನಲ್ಲಿ.

ಇವೆಲ್ಲವೂ ಸ್ಮರಣೀಯವಾದ ಕಾರ್ಯಗಳು. ಆದರೂ ಜಾತಿಗೊಂದರಂತೆ ಎದ್ದ ವಿದ್ಯಾರ್ಥಿನಿಲಯವು ಹಸಿವನ್ನು ನೀಗಿದಷ್ಟು ಸುಲಭವಾಗಿ ಅಂತರವನ್ನು ನೀಗಲಿಲ್ಲ. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ಊಟದ ಹೊತ್ತಿಗೆ ಬೇರೆ ಬೇರೆ ಬೀದಿಗಳಿಗೆ ಹೋದರು.

ಕೇವಲ ಉನ್ನತ ವ್ಯಾಸಂಗಕ್ಕಾಗಿಯೇ ಹುಟ್ಟಿದ ಸಂಸ್ಥೆಯೊಂದು ಬೆಂಗಳೂರಿಗೆ ಬಂದುದು ಇದೇ ಕಾಲದಲ್ಲಿ. ಜಮ್ಷೇಟ್‌ಜಿ ಟಾಟಾ ಅವರು 1898ರ ನವೆಂಬರ್ 23ರಂದು ಸ್ವಾಮಿ ವಿವೇಕಾನಂದರಿಗೆ ಬರೆದ ಪತ್ರವು ಪ್ರಸಿದ್ಧವಾಗಿದೆ. ವೈರಾಗ್ಯವುಳ್ಳವರು ಸರಳವಾಗಿ ಜೀವಿಸುತ್ತ ವಿಜ್ಞಾನದ ಸಾಧನೆಯಲ್ಲಿ ತೊಡಗಲು ಆಶ್ರಮಗಳೋ ವಸತಿಗೃಹಗಳೋ ಬೇಕೆಂಬ ಆಲೋಚನೆಯನ್ನು ಅವರು ಅದರಲ್ಲಿ ಮುಂದಿಟ್ಟಿದ್ದರು. ಟಾಟಾ ಅವರು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನವು 1907ರಲ್ಲಿ ಸುಮಾರು 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆಯು ವಿಧಿವತ್ತಾಗಿ ಸ್ಥಾಪಿತವಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಊರಿನವರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವುದುಂಟು. ಸಾಲೋಟಗಿಯ ಶಾಸನದಂತೆಯೇ ಇಲ್ಲಿಯೂ ಭೂಮಿ, ನಿಧಿ, ವಸತಿ ಎಲ್ಲವೂ ಇದ್ದವು. ಆದರೆ ಸಂಶೋಧಕನೆಂದರೆ ಸಂಸಾರವನ್ನು ತೊರೆದ ಯತಿಯಂತಹ ಪುರುಷನೆಂಬ ಕಲ್ಪನೆಯೂ ಹಳೆಯ ಕಾಲದಿಂದ ಜೊತೆಗೇ ಬಂದಿತ್ತು. ಯತಿಗಳ ಮಠದ ಬಾಗಿಲಿಗೆ ಒಬ್ಬ ಯುವತಿಯು ಬಂದು ನಿಂತರೆ ಏನಾಗಬಹುದೋ ಅದೇ ಇಲ್ಲಿಯೂ ಆಯಿತು.

ಕಮಲಾ ಭಾಗವತರು 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ. ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದವರು. ಅವರ ತಂದೆಯೂ ಚಿಕ್ಕಪ್ಪನೂ ಇದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಆ ವರ್ಷವೇ ಸರ್ ಸಿ. ವಿ. ರಾಮನ್ನರು ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿದ್ದರು. ಅವರು ಹೆಣ್ಣೆಂಬ ಕಾರಣದಿಂದ ಕಮಲೆಯವರಿಗೆ ಪ್ರವೇಶವನ್ನು ನಿರಾಕರಿಸಿದರು. ಆಕೆ ಹಿಂದಿರುಗಲಿಲ್ಲ, ಕಾರಣವನ್ನು ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಪ್ರವೇಶವೇನೋ ದೊರೆಯಿತು, ಆದರೆ ನಿಬಂಧನೆಗಳೊಡನೆ: ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿಯೆಂಬ ಗಣನೆಯಿಲ್ಲ; ಮಾರ್ಗದರ್ಶಕರು ಹೇಳಿದಷ್ಟು ಹೊತ್ತು ರಾತ್ರಿಯೂ ಕೆಲಸ ಮಾಡತಕ್ಕದ್ದು; ತನ್ನ ಇರವಿನಿಂದ ಇತರರ ಚಿತ್ತಕ್ಕೆ ಚಾಂಚಲ್ಯ ಉಂಟಾಗಬಾರದು. ಕೊನೆಯ ನಿಬಂಧನೆಯನ್ನು ವಾಚಕರು ಮತ್ತೊಮ್ಮೆ ಓದಬೇಕು. ಮತ್ತೊಬ್ಬರ ಮನಸ್ಸಿನ ಹೊಣೆಯನ್ನೂ ಹೊತ್ತುಕೊಂಡು ಆಕೆ ಓದಬೇಕಾಗಿದ್ದಿತು.

ಜೀವರಸಾಯನ ವಿಭಾಗದ ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆ, ಕಾಳುಗಳಲ್ಲಿಯ ಪ್ರೋಟೀನುಗಳನ್ನು ಕುರಿತು ಆಕೆ ಕೆಲಸ ಮಾಡಿದರು. ಒಂದು ವರ್ಷವಾದ ಮೇಲೆ ರಾಮನ್ನರು ಸಂತುಷ್ಟರಾಗಿ ಪೂರ್ಣ ಪ್ರವೇಶವನ್ನು ಕೊಟ್ಟರು. ಮುಂದೆ ಇತರ ಯುವತಿಯರಿಗೂ ಬಾಗಿಲು ತೆರೆಯಿತು. ಕಮಲೆಯವರು 1936ರಲ್ಲಿ ಎಂ. ಎಸ್‌ಸಿ. ಪದವಿಯನ್ನೂ 1939ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟೊರೇಟನ್ನೂ ಪಡೆದು, ಕಮಲಾ ಸೊಹೊನಿ ಎಂಬ ಹೆಸರಿನಿಂದ ವಿಖ್ಯಾತರಾದರು. ಬೆಂಗಳೂರಿನ ಆ ಮೊದಲ ವರ್ಷದ ಅವಮಾನವನ್ನು ಮಾತ್ರ ಅವರು ಮುಪ್ಪಿನಲ್ಲಿಯೂ ಮರೆಯಲಿಲ್ಲ. ರಾಮನ್ನರ ವಿಜ್ಞಾನಪ್ರತಿಭೆಗೆ ಇದರಿಂದ ಕುಂದಿಲ್ಲ. ಆದರೆ ಪ್ರತಿಭೆಯು ದೊಡ್ಡದಾದ ಮಾತ್ರಕ್ಕೆ ಪಕ್ಷಪಾತವು ಚಿಕ್ಕದಾಗುವುದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಅನ್ನಾ ಮಾಣಿಯವರ ವೃತ್ತಾಂತವು ಮತ್ತೊಂದು ಬಗೆಯದು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಆಕೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಪದವಿಯನ್ನು ಪಡೆದು, 1940ರಲ್ಲಿ ವಿದ್ಯಾರ್ಥಿವೇತನದೊಡನೆ ರಾಮನ್ನರ ಪ್ರಯೋಗಶಾಲೆಗೆ ಬಂದರು. ಇಲ್ಲಿ ಬಾಗಿಲಲ್ಲಿ ತಡೆಯಿರಲಿಲ್ಲ. ಬೆಂಗಳೂರಿನಲ್ಲಿ ಅನ್ನ ದೀಪಗಳಿಗೂ ಕೊರತೆಯಿರಲಿಲ್ಲ. ವಜ್ರ, ಮಾಣಿಕ್ಯಗಳ ರೋಹಿತಗಳನ್ನು ಚಿತ್ರಿಸಲು ಒಂದೊಂದು ಫಲಕಕ್ಕೆ 15ರಿಂದ 20 ಗಂಟೆಗಳ ಕಾಲ ಬೆಳಕನ್ನು ಒಡ್ಡಬೇಕಾಗುತ್ತಿದ್ದುದರಿಂದ, ಎಷ್ಟೋ ರಾತ್ರಿಗಳನ್ನು ಆಕೆ ಪ್ರಯೋಗಶಾಲೆಯಲ್ಲಿಯೇ ಕಳೆದರು. 1942ರಿಂದ 1945ರವರೆಗೆ ಐದು ಲೇಖನಗಳು ಪ್ರಕಟವಾದವು. ಟಾಟಾ ಇನ್‌ಸ್ಟಿಟ್ಯೂಟಿಗೆ ಪದವಿಯನ್ನು ಕೊಡುವ ಅಧಿಕಾರವು ಆಗ ಇರಲಿಲ್ಲ. ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮನ್ನಣೆಯು ಅದಕ್ಕೆ ಬಂದುದು 1958ರಲ್ಲಿ. ಆದುದರಿಂದ 1945ರಲ್ಲಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಬೇಕಾಯಿತು. ಎಂ. ಎಸ್‌ಸಿ. ಪದವಿಯಿಲ್ಲದವರಿಗೆ ಡಾಕ್ಟೊರೇಟು ಸಲ್ಲದೆಂದು ವಿಶ್ವವಿದ್ಯಾನಿಲಯವು ಹೇಳಿತು. ಐದು ವರ್ಷಗಳ ಕೆಲಸಕ್ಕೆ ಪದವಿಯು ದೊರೆಯಲೇ ಇಲ್ಲ. ಆಕೆ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು, 1948ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿ, ದೇಶಕ್ಕೆ ಮಹೋಪಕಾರವನ್ನು ಮಾಡಿದರು. ಆ ಮಹಾಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಭಂಡಾರದಲ್ಲಿ ಉಳಿಯಿತು.

ಕಮಲೆಯವರಿಗೆ ಅಡ್ಡಿಯಾದುದು ವ್ಯಕ್ತಿ. ಅನ್ನಾ ಮಾಣಿಯವರಿಗೆ ಅಡ್ಡಿಯಾದುದು ನಿಯಮ. ವ್ಯಕ್ತಿಯ ಮನಸ್ಸನ್ನು ಹಟದಿಂದಲೂ ದುಡಿಮೆಯಿಂದಲೂ ತಿರುಗಿಸಬಹುದು. ಕಾಗದದ ಮೇಲಿನ ಕಲಮಿನೊಡನೆ ವಾದಿಸುವುದು ಹೇಗೆ? ಆದುದರಿಂದ ವಿದ್ಯಾರ್ಥಿಯ ಕ್ಷೇಮವು ಗುರುವಿನ ಕರುಣೆಯೊಂದರಿಂದಲೇ ಆಗದು, ಕಟ್ಟಳೆಯೊಂದರಿಂದಲೇ ಆಗದು. ಕಟ್ಟಳೆಯನ್ನು ರಚಿಸುವವರಿಗೆ ಕರುಣೆಯೂ, ಕರುಣೆಯುಳ್ಳವರಿಗೆ ಕಟ್ಟಳೆಯ ಬಲವೂ ಬೇಕು.

ಈ ಎರಡೂ ಕೂಡಿಬಂದರೆ ಫಲವು ಹೇಗಿರುತ್ತದೆಂಬುದಕ್ಕೆ ಕನ್ನಡಿಗರ ಮನೆಯಿಂದಲೇ ಉದಾಹರಣೆಯುಂಟು. ನಂಜನಗೂಡಿನಲ್ಲಿ 1922ರಲ್ಲಿ ಜನಿಸಿದ ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸೀಮೆಯ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ಸ್ತ್ರೀವಿದ್ಯೆಗಾಗಿ ದುಡಿದವರು. ಆ ಮನೆಯ ಬೆಂಬಲದಿಂದ ಮೊಮ್ಮಗಳು ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಓದಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ. ಎಸ್‌ಸಿ. ಮುಗಿಸಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ವಿದ್ಯುತ್ ವಿಭಾಗವನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಡಾಕ್ಟೊರೇಟನ್ನು ಪಡೆದು, 1953ರಲ್ಲಿ ಹಿಂದಿರುಗಿ, ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸೂಕ್ಷ್ಮತರಂಗಗಳ ವಿದ್ಯೆಯಲ್ಲಿ ರಾಜೇಶ್ವರಿ ಚಟರ್ಜಿಯವರ ಹೆಸರು ಸ್ಥಿರವಾಗಿ ನಿಂತಿತು. ಮನೆ, ಸಮಾಜ, ಸರ್ಕಾರ ಮೂರೂ ಸೇರಿ ಕೈಹಿಡಿದುದರ ಫಲವಿದು.

ಇತ್ತೀಚಿನ ಕಾಲದಲ್ಲಿ ಕಟ್ಟಳೆಗಳು ಬಹಳ ಮಟ್ಟಿಗೆ ತಿದ್ದುಪಡಿಯಾಗಿವೆ. ರಾಷ್ಟ್ರೀಯ ಪರೀಕ್ಷೆಯಲ್ಲಿ ಆಯ್ಕೆಯಾದ ಕಿರಿಯ ಸಂಶೋಧಕರ ಮಾಸಿಕ ವೇತನವು 2023ರಲ್ಲಿ 31,000 ರೂಪಾಯಿಗಳಿಂದ 37,000 ರೂಪಾಯಿಗಳಿಗೆ ಏರಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳ ಪ್ರಕಾರ ಸಂಶೋಧನೆಯನ್ನು ಮುಗಿಸಲು ಸ್ತ್ರೀಯರಿಗೂ ಅಂಗವಿಕಲರಿಗೂ ಎರಡು ವರ್ಷಗಳ ಹೆಚ್ಚಿನ ಅವಧಿಯುಂಟು. ಹೆರಿಗೆ ಮತ್ತು ಶಿಶುಪೋಷಣೆಗೆ 240 ದಿನಗಳ ರಜೆಯುಂಟು. ನಾಲ್ಕು ವರ್ಷಗಳ ಪದವಿಯನ್ನು ಉತ್ತಮ ಅಂಕಗಳಿಂದ ಮುಗಿಸಿದವರು ಎಂ. ಎಸ್‌ಸಿ. ಇಲ್ಲದೆಯೂ ಡಾಕ್ಟೊರೇಟಿಗೆ ಸೇರಬಹುದೆಂದೂ ಅವೇ ನಿಯಮಗಳು ಹೇಳುತ್ತವೆ. ಅನ್ನಾ ಮಾಣಿಯವರನ್ನು ತಡೆದ ಎಂ. ಎಸ್‌ಸಿ. ಎಂಬ ಗೋಡೆಯಲ್ಲಿ ಹೀಗೆ ಒಂದು ಬಾಗಿಲು ತೆರೆದುದು ಎಪ್ಪತ್ತೇಳು ವರ್ಷಗಳಾದ ಮೇಲೆ.

ಆದರೂ ಕಾಗದದ ಮೇಲಿನ ಮನ್ನಣೆಯು ಬೀದಿಗೆ ಇಳಿಯುವುದು ನಿಧಾನ. 2012ರ ಆಗಸ್ಟಿನಲ್ಲಿ ಸುಳ್ಳು ಸುದ್ದಿಗಳ ಭೀತಿಯಿಂದ ಈಶಾನ್ಯ ಪ್ರಾಂತಗಳ ಸುಮಾರು ಮೂವತ್ತು ಸಾವಿರ ಜನರು ಮೂರೇ ದಿನಗಳಲ್ಲಿ ಬೆಂಗಳೂರನ್ನು ಬಿಟ್ಟು ಗೌಹಾಟಿಯ ರೈಲುಗಳನ್ನು ಹತ್ತಿದರು; ಅವರಲ್ಲಿ ದುಡಿಯುವವರ ಜೊತೆಗೆ ಓದುವವರೂ ಇದ್ದರು. ತಾಳಗುಂದದ ಶಾಸನವನ್ನು ಓದಿಬಲ್ಲ ನಾಡಿಗೆ ಆ ದೃಶ್ಯದ ಅರ್ಥವು ತಿಳಿಯದೆ ಹೋಗುವುದಿಲ್ಲ. ಉನ್ನತ ವಿದ್ಯಾಸಂಸ್ಥೆಗಳ ಆವರಣದೊಳಗೂ ನೋವು ಇಲ್ಲದೆ ಇಲ್ಲ. ವಿದ್ಯಾರ್ಥಿಗಳ ಆತ್ಮಹತ್ಯೆಗಳಿಂದ ಕಳವಳಗೊಂಡ ಸುಪ್ರೀಂ ಕೋರ್ಟು 2025ರ ಮಾರ್ಚ್ 24ರಂದು, ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ಟರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ವೇತನವೂ ಕೋಣೆಯೂ ಇದ್ದವನು ಸಹ ಒಬ್ಬಂಟಿಯಾಗಿ ಕುಸಿಯಬಹುದೆಂಬುದನ್ನು ನ್ಯಾಯಸ್ಥಾನವೇ ಗುರುತಿಸಬೇಕಾಗಿ ಬಂದಿತು.

ಹೊರಮಾವು, ಕಮ್ಮನಹಳ್ಳಿ, ಕೊತ್ತನೂರುಗಳ ಗೃಹಸ್ಥರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ವಿಶ್ವವಿದ್ಯಾನಿಲಯವು ತನ್ನ ಆವರಣದೊಳಗೆ ಎಲ್ಲರಿಗೂ ಸ್ಥಳವನ್ನು ಕೊಡಲಾರದಾದಾಗ, ವಿದ್ಯಾರ್ಥಿಯ ಘಟಿಕಾಸ್ಥಾನದ ಅರ್ಧಭಾಗವು ಇಂತಹ ಊರುಗಳ ಮಾಳಿಗೆಯ ಕೋಣೆಗಳಲ್ಲಿಯೇ ನಡೆಯುತ್ತದೆ. ಬಾಡಿಗೆಯನ್ನು ಕೊಟ್ಟವನು ಅನ್ನಕ್ಕೂ ದೀಪಕ್ಕೂ ಬೆಲೆ ತೆತ್ತಿರುತ್ತಾನೆ; ಅವುಗಳಿಗಾಗಿ ಅವನು ಯಾರಿಗೂ ಋಣಿಯಲ್ಲ. ಬಾಡಿಗೆಯ ಕರಾರಿನಲ್ಲಿ ಬರೆಯಲಾಗದುದು ಮನ್ನಣೆಯೊಂದೇ. ಕಾಯಿಲೆ ಬಿದ್ದಾಗ ವಿಚಾರಿಸುವುದು, ಹಬ್ಬದ ದಿನ ಕರೆದು ಎಲೆ ಹಾಕುವುದು, ಮುಖವನ್ನೂ ಭಾಷೆಯನ್ನೂ ಕಂಡು ಬಾಗಿಲನ್ನು ಮುಚ್ಚದಿರುವುದು, ಇವಕ್ಕೆ ಯಾವ ಆಯೋಗದ ಅಪ್ಪಣೆಯೂ ಬೇಕಾಗಿಲ್ಲ. ಸಾಲೋಟಗಿಯ ಗ್ರಾಮಸ್ಥರು ಪ್ರತಿ ಮದುವೆಯಲ್ಲಿ ಐದು ನಾಣ್ಯಗಳನ್ನು ಎತ್ತಿಟ್ಟರು. ಸಾವಿರ ವರ್ಷಗಳು ಕಳೆದರೂ ಆ ಐದು ನಾಣ್ಯಗಳ ಲೆಕ್ಕವು ಕಲ್ಲಿನ ಮೇಲೆ ಉಳಿದಿದೆ. ಅವರ ಮದುವೆಗಳ ವೈಭವದ ಲೆಕ್ಕವು ಎಲ್ಲಿಯೂ ಉಳಿದಿಲ್ಲ.